ಇಲ್ಲದ ದಾರಿಯನ್ನು ಮುಚ್ಚುವುದು ಹೇಗೆ?

ರೈಲು ಹಳಿಯ ಪಕ್ಕ ಹೊಸ ಬಡಾವಣೆ ಎದ್ದಾಗ ಮೊದಲು ಬರುವುದು ಕಾವೇರಿ ನೀರೂ ಅಲ್ಲ, ಬಸ್ಸೂ ಅಲ್ಲ, ಕಾಂಪೌಂಡಿನಲ್ಲೊಂದು ಕಿಂಡಿ. ಕಟ್ಟಡದ ಕೆಲಸಕ್ಕೆ ಬಂದ ಗಾರೆಯವರು ಟೀ ಅಂಗಡಿಗೆ ಹೋಗಲೆಂದು ಎರಡು ಕಲ್ಲು ಸರಿಸಿರುತ್ತಾರೆ. ಫ್ಲ್ಯಾಟುಗಳಿಗೆ ಜನ ಬರುವ ಹೊತ್ತಿಗೆ ಅದು ಬಾಗಿಲಿನಷ್ಟಾಗಿರುತ್ತದೆ. ಏರಿಯ ಮೇಲೆ ಕಾಲು ಜಾರದಿರಲೆಂದು ಯಾರೋ ಸಿಮೆಂಟ್ ಚೀಲಕ್ಕೆ ಮಣ್ಣು ತುಂಬಿ ಮೆಟ್ಟಿಲು ಮಾಡಿರುತ್ತಾರೆ. ಹಳಿಗಳ ನಡುವಿನ ಜಲ್ಲಿ ತುಳಿದು ತುಳಿದು ಒಂದಾಳಿನ ಅಗಲಕ್ಕೆ ಸಮತಟ್ಟಾಗಿ, ಸುತ್ತಲಿನ ಜಲ್ಲಿಗಿಂತ ಬೇರೆಯೇ ಬಣ್ಣಕ್ಕೆ ತಿರುಗಿರುತ್ತದೆ. ಆಚೆ ಬದಿಗೆ ಬಸ್ ಸ್ಟಾಪು, ಸರ್ಕಾರಿ ಶಾಲೆ, ರೇಷನ್ ಅಂಗಡಿ, ಬಾಡಿಗೆ ಕಡಿಮೆಯಿರುವ ವಠಾರಗಳು. ಈಚೆ ಬದಿಗೆ ನೂರಾರು ಅಡುಗೆಮನೆಗಳು ಮತ್ತು ಅಲ್ಲಿ ಪಾತ್ರೆ ತೊಳೆಯುವ, ಚಪಾತಿ ಲಟ್ಟಿಸುವ, ಲಿಫ್ಟ್ ಕಾಯುವ ಕೆಲಸಗಳು. ಎರಡರ ನಡುವೆ ದಿನಕ್ಕೆ ಹತ್ತಾರು ರೈಲು.

ಇಂಥ ದಾರಿಗಳನ್ನು ಮುಚ್ಚಲೇಬೇಕು. ಇದರಲ್ಲಿ ನನಗೆ ಅನುಮಾನವಿಲ್ಲ. ‘ನಮ್ಮಜ್ಜನ ಕಾಲದಿಂದ ಇಲ್ಲೇ ದಾಟ್ತಿದೀವಿ’ ಎನ್ನುವವರ ಮಾತು ಸುಳ್ಳಲ್ಲ. ಆದರೆ ಅಜ್ಜನ ಕಾಲದ ರೈಲು ಈಗಿಲ್ಲ. ಹೊಗೆ ಬಿಟ್ಟುಕೊಂಡು, ನೆಲ ನಡುಗಿಸಿಕೊಂಡು ಬರುತ್ತಿದ್ದ ಗಾಡಿಯ ಜಾಗದಲ್ಲಿ ಈಗ ವಿದ್ಯುತ್ ಎಂಜಿನ್ನು ಓಡುತ್ತದೆ. ಹತ್ತಿರ ಬರುವವರೆಗೆ ಅದರ ಸದ್ದೇ ಗೊತ್ತಾಗುವುದಿಲ್ಲ. ನನ್ನ ತಕರಾರು ಮುಚ್ಚುವ ರೀತಿಯ ಬಗ್ಗೆ. ನಮ್ಮಲ್ಲಿ ಇಂಥ ದಾರಿ ಯಾವ ಕಡತದಲ್ಲೂ ಇರುವುದಿಲ್ಲ. ಕಡತದಲ್ಲಿ ಇಲ್ಲದ್ದನ್ನು ಕಾನೂನುಬದ್ಧವಾಗಿ ಮುಚ್ಚಲು ಬರುವುದಿಲ್ಲ. ಕಿಂಡಿಗೆ ಕಲ್ಲಿಟ್ಟು ಸಿಮೆಂಟ್ ಮೆತ್ತಬಹುದು ಅಷ್ಟೆ. ಆಗ ಹತ್ತು ಮಾರು ಆಚೆ ಇನ್ನೊಂದು ಕಿಂಡಿ ಹುಟ್ಟುತ್ತದೆ. ದಾರಿಯೊಂದನ್ನು ನಿಜವಾಗಿ ಮುಚ್ಚಬೇಕೆಂದರೆ, ಅದು ದಾರಿ ಹೌದು ಎಂದು ಮೊದಲು ಒಪ್ಪಿಕೊಳ್ಳಬೇಕು.

ಅಪಾಯ ಎಷ್ಟೆಂಬುದಕ್ಕೆ ಕೂಡಿ ಕಳೆಯುವ ಲೆಕ್ಕವೇ ಸಾಕು. ಗಂಟೆಗೆ 110 ಕಿ.ಮೀ. ವೇಗದ ರೈಲು ಒಂದು ಸೆಕೆಂಡಿಗೆ 30 ಮೀಟರ್ ಮುಂದೆ ಬರುತ್ತದೆ. ಜೋಡಿ ಹಳಿಯನ್ನು ಈ ಬದಿಯ ಸುರಕ್ಷಿತ ಜಾಗದಿಂದ ಆ ಬದಿಯ ಸುರಕ್ಷಿತ ಜಾಗಕ್ಕೆ ದಾಟಲು ಹತ್ತು ಹನ್ನೊಂದು ಮೀಟರ್ ನಡೆಯಬೇಕು. ಗಟ್ಟಿ ನೆಲದಲ್ಲಿ ಹರೆಯದವರಿಗೆ ಇದು ಒಂಬತ್ತು ಸೆಕೆಂಡಿನ ಕೆಲಸ. ಜಲ್ಲಿಯ ಮೇಲೆ, ಚಪ್ಪಲಿ ಕಾಲಲ್ಲಿ, ಸೊಂಟದ ಮೇಲೆ ಮಗು ಇಟ್ಟುಕೊಂಡವರಿಗೆ ಹದಿನಾಲ್ಕು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ರೈಲು 400 ಮೀಟರಿಗೂ ಹೆಚ್ಚು ದೂರ ಬಂದಿರುತ್ತದೆ. ಎಂದರೆ ದಾಟಲು ಹೆಜ್ಜೆಯಿಡುವ ಗಳಿಗೆಯಲ್ಲಿ ಎರಡೂ ಕಡೆ ಅಷ್ಟು ದೂರ ಹಳಿ ಕಾಣುತ್ತಿರಬೇಕು. ತಿರುವಿನಲ್ಲಿ ಕಾಣುವುದು 200 ಮೀಟರೇ ಆಗಿದ್ದರೆ, ‘ರೈಲು ಇಲ್ಲ’ ಎಂದು ಖಚಿತಪಡಿಸಿಕೊಂಡೇ ಹೊರಟವಳ ಬಳಿಗೆ ಏಳು ಸೆಕೆಂಡಿನೊಳಗೆ ರೈಲು ಬಂದುಬಿಡಬಹುದು. ಆಕೆ ಅಜಾಗರೂಕಳಲ್ಲ. ಎಡಕ್ಕೆ ನೋಡಿದ್ದಾಳೆ, ಬಲಕ್ಕೆ ನೋಡಿದ್ದಾಳೆ. ಆ ಜಾಗದಲ್ಲಿ ಎಷ್ಟು ಎಚ್ಚರವಿದ್ದರೂ ಸಾಲದು.

ಬ್ರೇಕಿನ ಮಾತೇ ಬೇಡ. ಆ ವೇಗದಲ್ಲಿರುವ ಗಾಡಿಗೆ ತುರ್ತು ಬ್ರೇಕ್ ಹಾಕಿದರೂ ನಿಲ್ಲುವುದಕ್ಕೆ ಕಿಲೋಮೀಟರಿನ ಆಸುಪಾಸು ಬೇಕು. ಲೋಕೋ ಪೈಲಟ್‌ಗೆ ಎದುರಿಗಿದ್ದವರ ಮುಖ ಕಾಣುತ್ತದೆ, ಹಾರ್ನ್ ಒತ್ತುವುದರ ಹೊರತು ಮಾಡಲು ಏನೂ ಇರುವುದಿಲ್ಲ. ‘ರನ್ ಓವರ್’ ಎಂದು ಎರಡು ಪದದಲ್ಲಿ ವರದಿ ಬರೆದು ಅದೇ ಗಾಡಿಯನ್ನು ಮುಂದಿನ ನಿಲ್ದಾಣಕ್ಕೆ ಒಯ್ಯಬೇಕು. ದಾಟುವುದೂ ಬಿಡುವುದೂ ಅವರವರ ಇಷ್ಟ, ಅವರವರ ಹಣೆಬರಹ ಎನ್ನುವವರು ಈ ಮೂರನೆಯ ಮನುಷ್ಯನನ್ನು ಮರೆಯುತ್ತಾರೆ.

ಇನ್ನು ನಮ್ಮ ಕಣ್ಣಿನ ದೋಷ. ದೊಡ್ಡ ಗಾತ್ರದ ವಸ್ತು ನಮ್ಮತ್ತ ಬರುವಾಗ ಅದರ ನಿಜವಾದ ವೇಗಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ತೋರುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಹರ್ಷೆಲ್ ಲೀಬೊವಿಟ್ಜ್ 1985ರಲ್ಲಿ ರೈಲ್ವೆ ಗೇಟುಗಳ ಅಪಘಾತ ಕುರಿತು ಬರೆಯುತ್ತಾ ವಾದಿಸಿದ್ದ. 2010ರ ಆಸುಪಾಸಿನಲ್ಲಿ ಮುಂಬೈನ ವಡಾಲದಲ್ಲಿ ಫೈನಲ್ ಮೈಲ್ ಎಂಬ ಸಂಸ್ಥೆ ಇದೇ ತಿಳಿವಳಿಕೆಯನ್ನು ಹಳಿಯ ಮೇಲೆ ಇಳಿಸಿ ನೋಡಿತು. ಬರುವ ರೈಲಿನ ವೇಗ ಕಣ್ಣಿಗೆ ಸಿಗಲೆಂದು ಕೆಲವು ಸ್ಲೀಪರುಗಳಿಗೆ ಹಳದಿ ಬಣ್ಣ ಬಳಿಯಿತು. ಒಂದೇ ಉದ್ದನೆಯ ಹಾರ್ನಿನ ಬದಲು ಎರಡು ಚುಟುಕು ಹಾರ್ನ್ ಹೊಡೆಸಿತು. ಗಾಡಿ ಮೈಮೇಲೆ ಬರುವಾಗ ಬಾಯಿ ತೆರೆದು ಕಿರುಚುತ್ತಿರುವ ಮನುಷ್ಯನ ಫೋಟೊಗಳನ್ನು ದಾಟುವ ಜಾಗದಲ್ಲೇ ನಿಲ್ಲಿಸಿತು. ಅಲ್ಲಿ ಸಾವು ಕಡಿಮೆಯಾಯಿತು. ದಾಟುವವರ ಸಂಖ್ಯೆ ಕಡಿಮೆಯಾಗದೆ ಸಾವು ಕಡಿಮೆಯಾದರೆ ಅದೂ ಲಾಭವೇ. ಆದರೂ ಇಂಥ ಉಪಾಯಗಳನ್ನು ನಾನು ಊರುಗೋಲಿನಂತೆ ನೋಡುತ್ತೇನೆ, ಕಾಲು ಸರಿಯಾಗುವವರೆಗೆ ಬೇಕಾದದ್ದು.

ಒಂಟಿ ಹಳಿ ಜೋಡಿಯಾದಾಗ ಅಪಾಯ ಎರಡು ಪಟ್ಟಷ್ಟೇ ಆಗುವುದಿಲ್ಲ, ಬೇರೊಂದು ಬಗೆಯ ಅಪಾಯವೇ ಹುಟ್ಟುತ್ತದೆ. ಒಂದು ಗಾಡಿ ದಾಟಿ ಹೋಗುತ್ತದೆ. ಕಾದು ನಿಂತವರಿಗೆ ಅದರ ಕೊನೆಯ ಬೋಗಿ ಕಂಡೊಡನೆ ‘ಹೋಯ್ತು’ ಎನಿಸುತ್ತದೆ. ಅದರ ಮರೆಯಲ್ಲಿ, ಅದರದೇ ಸದ್ದಿನಲ್ಲಿ ಮುಳುಗಿ, ಆಚೆ ಹಳಿಯಲ್ಲಿ ಎದುರು ದಿಕ್ಕಿನಿಂದ ಬರುತ್ತಿರುವ ಗಾಡಿ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಎಲ್ಸನ್‌ಹ್ಯಾಮ್ ಎಂಬ ಸಣ್ಣ ನಿಲ್ದಾಣದಲ್ಲಿ 2005ರ ಡಿಸೆಂಬರ್ 3ರಂದು ಆದದ್ದು ಇದೇ. ಹದಿಮೂರು ಹದಿನಾಲ್ಕರ ಪ್ರಾಯದ ಇಬ್ಬರು ಗೆಳತಿಯರು ಕ್ರಿಸ್ಮಸ್ ಖರೀದಿಗೆಂದು ಕೇಂಬ್ರಿಜ್‌ಗೆ ಹೊರಟಿದ್ದರು. ಟಿಕೆಟ್ ಕೊಡುವ ಕಿಟಕಿ ಒಂದು ಬದಿಗೆ, ಅವರ ಗಾಡಿ ನಿಲ್ಲುವ ಪ್ಲಾಟ್‌ಫಾರ್ಮ್ ಹಳಿಯ ಆಚೆ ಬದಿಗೆ. ಕೆಂಪು ದೀಪ ಉರಿಯುತ್ತಿತ್ತು, ಗಂಟೆ ಹೊಡೆಯುತ್ತಿತ್ತು. ಆದರೆ ಪಾದಚಾರಿಗಳ ಪುಟ್ಟ ಗೇಟಿಗೆ ಬೀಗ ಇರಲಿಲ್ಲ. ಒಂದು ರೈಲು ದಾಟಿತು. ಹುಡುಗಿಯರು ಗೇಟು ತಳ್ಳಿ ಓಡಿದರು. ಎರಡನೆಯ ರೈಲು ಬಂತು.

ಆ ಗೇಟಿಗೆ ಬೀಗ ಬೇಕು, ಅಲ್ಲೊಂದು ಸೇತುವೆ ಬೇಕು ಎನ್ನುವುದು ಯಾರಿಗೂ ಹೊಳೆದಿರಲಿಲ್ಲವೇ? ಹೊಳೆದಿತ್ತು. 2001–02ರಷ್ಟು ಹಿಂದೆಯೇ ಅಲ್ಲಿನ ಅಪಾಯವನ್ನು ಗುರುತಿಸಿದ ಟಿಪ್ಪಣಿಗಳು ರೈಲ್ವೆಯ ಕಡತದಲ್ಲಿದ್ದವು. ಅವು ಹೊರಬಂದದ್ದು ಅಪಘಾತವಾಗಿ ಐದಾರು ವರ್ಷ ಕಳೆದ ಮೇಲೆ, ಮಕ್ಕಳನ್ನು ಕಳೆದುಕೊಂಡವರು ಪಟ್ಟು ಬಿಡದೆ ಕೇಳುತ್ತಲೇ ಇದ್ದುದರಿಂದ. ಹಳಿಗಳ ಒಡೆತನವಿದ್ದ ನೆಟ್‌ವರ್ಕ್ ರೈಲ್ ತಪ್ಪೊಪ್ಪಿಕೊಂಡಿತು; 2012ರಲ್ಲಿ ನ್ಯಾಯಾಲಯ ಅದಕ್ಕೆ 10 ಲಕ್ಷ ಪೌಂಡ್ ದಂಡ ಹಾಕಿತು. ಅಷ್ಟರಲ್ಲಾಗಲೇ ಅಲ್ಲೊಂದು ಪಾದಚಾರಿ ಸೇತುವೆ ಎದ್ದಿತ್ತು, ಗೇಟಿಗೆ ತಾನಾಗಿ ಬೀಳುವ ಬೀಗವೂ ಬಂದಿತ್ತು. ಬ್ರಿಟನ್ನಿನಲ್ಲಿ ಆ ಮೇಲಿನ ದಶಕದಲ್ಲಿ ಸಾವಿರಕ್ಕೂ ಹೆಚ್ಚು ಕ್ರಾಸಿಂಗುಗಳು ಮುಚ್ಚಿವೆ.

ಅಲ್ಲಿ ಮುಚ್ಚುವುದು ಸುಲಭ ಎಂದು ಇದರ ಅರ್ಥವಲ್ಲ. ಅಲ್ಲಿ ಹೊಲಗದ್ದೆಗಳ ನಡುವಿನ ಕಾಲುದಾರಿಗೂ ನಕ್ಷೆಯಲ್ಲಿ ಜಾಗವಿದೆ, ನಡೆಯುವವರಿಗೆ ಕಾನೂನಿನ ಹಕ್ಕಿದೆ. ಹಳಿಯ ಮೇಲೆ ಹಾದುಹೋಗುವ ಕಾಲುದಾರಿಯನ್ನು ರದ್ದು ಮಾಡಬೇಕಾದರೆ ಅಥವಾ ಬೇರೆಡೆ ತಿರುಗಿಸಬೇಕಾದರೆ ಆದೇಶ ಹೊರಡಬೇಕು, ಆಕ್ಷೇಪಣೆಗೆ ಅವಕಾಶ ಕೊಡಬೇಕು, ಬೇಕಾದರೆ ಬಹಿರಂಗ ವಿಚಾರಣೆ ನಡೆಯಬೇಕು. ಚಾರಣ ಪ್ರಿಯರು, ನಾಯಿ ಅಡ್ಡಾಡಿಸುವವರು, ಗ್ರಾಮದ ಮಂಡಳಿಯವರು ಎಲ್ಲರೂ ಬಂದು ಜಗಳವಾಡುತ್ತಾರೆ, ವರ್ಷಗಟ್ಟಲೆ ಎಳೆದಾಡುತ್ತಾರೆ. ಆ ನಿಧಾನವೂ ಜೀವ ತೆಗೆಯಬಲ್ಲದು. ಅದನ್ನು ಆದರ್ಶವೆಂದು ಹೊಗಳಲಾರೆ. ಆದರೆ ಒಂದು ಮಾತು ಅಲ್ಲಿ ತಪ್ಪದೆ ಏಳುತ್ತದೆ: ‘ಇದನ್ನು ಮುಚ್ಚಿದರೆ ನಾವು ಯಾವ ಕಡೆಯಿಂದ ಹೋಗಬೇಕು?’ ಅದಕ್ಕೆ ಯಾರಾದರೊಬ್ಬರು ಬರವಣಿಗೆಯಲ್ಲಿ ಉತ್ತರ ಕೊಡಲೇಬೇಕಾಗುತ್ತದೆ. ಜೊತೆಗೆ ಇನ್ನೊಂದು ನಿಯಮವೂ ಇದೆ. ಹೊಸ ಮನೆಗಳಿಂದ ಹತ್ತಿರದ ಕ್ರಾಸಿಂಗಿನ ಮೇಲೆ ಓಡಾಟ ಹೆಚ್ಚುವಂತಿದ್ದರೆ, ಬಡಾವಣೆಗೆ ಅನುಮತಿ ಕೊಡುವ ಮುನ್ನ ಸ್ಥಳೀಯ ಸಂಸ್ಥೆ ರೈಲ್ವೆಯ ಅಭಿಪ್ರಾಯ ಕೇಳಲೇಬೇಕು. ಸೇತುವೆ ಆಗುವವರೆಗೆ ಇಂತಿಷ್ಟು ಮನೆಗಳಿಗಿಂತ ಹೆಚ್ಚಿಗೆ ಜನ ಬರುವಂತಿಲ್ಲ ಎಂಬ ಷರತ್ತನ್ನೂ ಹಾಕಲು ಬರುತ್ತದೆ. ಸಾವಾದ ಮೇಲೆ ಹುಡುಕುವ ಸೇತುವೆಯನ್ನು ನಕ್ಷೆಗೆ ಸಹಿ ಬೀಳುವ ಮುನ್ನವೇ ಕೇಳುವ ಈ ಪದ್ಧತಿಯನ್ನು ನಾವು ಕಣ್ಣುಮುಚ್ಚಿ ಎರವಲು ತರಬಹುದು.

ನಮ್ಮಲ್ಲಿ ಏನಾಗಿದೆ ನೋಡಿ. 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನ ಪ್ರಕಾರ ಅನುಮತಿಯಿಲ್ಲದೆ ಹಳಿಯ ಮೇಲೆ ಕಾಲಿಡುವುದು ಅಪರಾಧ. ಆರು ತಿಂಗಳವರೆಗೆ ಸಜೆ, ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೆಳಿಗ್ಗೆ ಆರೂವರೆಗೆ ಕಿಂಡಿ ದಾಟಿ ಬರುವ ಮನೆಗೆಲಸದ ಹೆಂಗಸು ಕಾನೂನಿನ ಕಣ್ಣಲ್ಲಿ ಅತಿಕ್ರಮಣಕಾರಳು. ಹಕ್ಕೇ ಇಲ್ಲದವಳ ಆಕ್ಷೇಪಣೆ ಕೇಳುವವರು ಯಾರು? ಆರ್‌ಪಿಎಫ್‌ನವರು ಹಿಡಿದು ನಿಲ್ಲಿಸಿದರೆ ಆಕೆ ಕೇಳುವುದು ‘ಮತ್ತೆ ಎಲ್ಲಿಂದ ಹೋಗ್ಲಿ ಸಾರ್?’ ಎಂದು. ಎಸೆಕ್ಸ್‌ನ ಹಳ್ಳಿಗ ವಿಚಾರಣೆಯಲ್ಲಿ ಕೇಳುವುದನ್ನೇ ಈಕೆಯೂ ಕೇಳುತ್ತಾಳೆ. ಉತ್ತರವಾಗಿ ಸಿಗುವುದು ದಂಡದ ರಸೀದಿ.

ಅದೇ ಕಾಯ್ದೆಯ 16ನೆಯ ಕಲಮು ಇದಕ್ಕಿಂತ ಉದಾರವಾಗಿದೆ. ರೈಲು ಹಾದಿ ಹಾಕಿದ್ದರಿಂದ ಅಕ್ಕಪಕ್ಕದ ಜಮೀನಿನವರ ಓಡಾಟಕ್ಕೆ ಅಡ್ಡಿಯಾದರೆ ಅದನ್ನು ಸರಿಪಡಿಸಲು ಕ್ರಾಸಿಂಗು, ಸೇತುವೆ, ಮೋರಿಗಳನ್ನು ರೈಲ್ವೆಯೇ ಕಟ್ಟಿಕೊಡಬೇಕು ಎನ್ನುತ್ತದೆ. ಆದರೆ ಹಳಿಯ ಮೇಲೆ ಸಂಚಾರ ಶುರುವಾಗಿ ಹತ್ತು ವರ್ಷ ಕಳೆದ ಮೇಲೆ ಹೆಚ್ಚುವರಿ ಕಾಮಗಾರಿಗಳ ಖರ್ಚನ್ನು ಅದರ ತಲೆಗೆ ಕಟ್ಟುವಂತಿಲ್ಲ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಬಂದದ್ದು 1864ರಲ್ಲಿ. ಆ ಹತ್ತು ವರ್ಷ ಮುಗಿದು ಒಂದೂವರೆ ಶತಮಾನವಾಯಿತು. ಆಮೇಲೆ ಯಾರಿಗಾದರೂ ಹೊಸ ದಾರಿ ಬೇಕಾದರೆ 17ನೆಯ ಕಲಮಿನಂತೆ ಜಮೀನಿನ ಒಡೆಯರೋ ರಾಜ್ಯ ಸರ್ಕಾರವೋ ಸ್ಥಳೀಯ ಸಂಸ್ಥೆಯೋ ತಾವೇ ಹಣ ಕೊಟ್ಟು ಮಾಡಿಸಿಕೊಳ್ಳಬೇಕು. ರೈಲ್ವೆಯವರ ವಾದದಲ್ಲಿ ತಿರುಳಿಲ್ಲದೆ ಇಲ್ಲ: ‘ನಾವು ಮೊದಲೇ ಇದ್ದೆವು, ನೀವು ಆಮೇಲೆ ಬಂದಿರಿ.’ ಆದರೆ ರೈಲ್ವೆಯೂ ಇದ್ದಲ್ಲೇ ಇದ್ದಂತೆ ಇಲ್ಲವಲ್ಲ. ಬೈಯಪ್ಪನಹಳ್ಳಿಯಿಂದ ಹೊಸೂರಿಗೆ ಹೋಗುವ 48 ಕಿ.ಮೀ. ಹಾದಿಯನ್ನೇ ತೆಗೆದುಕೊಳ್ಳಿ. ಬೆಳ್ಳಂದೂರು ರೋಡ್, ಕಾರ್ಮೆಲರಾಂ, ಹೀಲಲಿಗೆ ಎಂಬ ಸಣ್ಣಸಣ್ಣ ನಿಲ್ದಾಣಗಳ ಒಂಟಿ ಹಳಿಯಾಗಿದ್ದ ಇದಕ್ಕೆ ವಿದ್ಯುತ್ ತಂತಿ ಬಂತು. ಜೋಡಿ ಹಳಿಯ ಕಾಮಗಾರಿ ಹಂತಹಂತವಾಗಿ ಸಾಗಿದೆ. ಇದೇ ಕಾಲದಲ್ಲಿ ಎರಡೂ ಬದಿಗೆ ಅಪಾರ್ಟ್‌ಮೆಂಟುಗಳು ಎದ್ದಿವೆ. ಪಣತ್ತೂರಿನ ರೈಲ್ವೆ ಕೆಳಸೇತುವೆಯಲ್ಲಿ ಸಿಕ್ಕಿಬಿದ್ದವರಿಗೆ ಒಂದು ಊರು ಬೆಳೆದು ದಾರಿ ಮಾತ್ರ ಬೆಳೆಯದಿದ್ದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಅಪಾಯವನ್ನು ಇಬ್ಬರು ಸೇರಿ ಹೆಚ್ಚಿಸಿದ್ದಾರೆ, ರೈಲನ್ನು ಹೆಚ್ಚಿಸಿದವರು ಮತ್ತು ಮನೆಗಳನ್ನು ಹೆಚ್ಚಿಸಿದವರು. ಖರ್ಚು ಮಾತ್ರ ಈ ಇಬ್ಬರಲ್ಲಿ ಯಾರೂ ಅಲ್ಲದ ನಡೆಯುವವರ ಮೇಲೆ ಬಿದ್ದಿದೆ.

ಲೆಕ್ಕದ ಪುಸ್ತಕದಲ್ಲೂ ಈ ನಡೆಯುವವರಿಲ್ಲ. ರೈಲ್ವೆ ಗೇಟಿನ ಜಾಗದಲ್ಲಿ ಮೇಲ್ಸೇತುವೆ ಬೇಕೇ ಎಂದು ತೀರ್ಮಾನಿಸಲು ‘ಟಿವಿಯು’ ಎಂಬ ಅಳತೆಯಿದೆ; ಗೇಟಿನಲ್ಲಿ ದಿನಕ್ಕೆ ಹಾಯುವ ರೈಲುಗಳ ಸಂಖ್ಯೆಯನ್ನು ವಾಹನಗಳ ಸಂಖ್ಯೆಯಿಂದ ಗುಣಿಸಿದರೆ ಸಿಗುವುದು. ಅದು ಒಂದು ಲಕ್ಷ ಮುಟ್ಟಿದರೆ ರೈಲ್ವೆ ಮತ್ತು ರಾಜ್ಯ ಖರ್ಚು ಹಂಚಿಕೊಂಡು ಸೇತುವೆ ಕಟ್ಟುವುದು ಬಹುಕಾಲದ ವಾಡಿಕೆ. ಆ ಗುಣಾಕಾರದಲ್ಲಿ ಕಾರಿದೆ, ಲಾರಿಯಿದೆ, ಎತ್ತಿನ ಗಾಡಿಯೂ ಒಂದು ಎಂದೇ ಎಣಿಕೆಯಾಗುತ್ತದೆ. ಕಾಲ್ನಡಿಗೆಯವರು ಇಲ್ಲ. ದಿನಕ್ಕೆ ಎರಡು ಸಾವಿರ ಜನ ನಡೆದು ದಾಟುವ ಜಾಗದ ಟಿವಿಯು ಸೊನ್ನೆ.

ಸತ್ತರೂ ಅಷ್ಟೆ. ಹಳಿ ದಾಟುವಾಗ ಸತ್ತವರ ಪ್ರಕರಣ ರೈಲ್ವೆ ಪೊಲೀಸರಲ್ಲಿ ಯುಡಿಆರ್, ಅಂದರೆ ಅಸಹಜ ಸಾವು ಎಂದು ದಾಖಲಾಗಿ ಮುಗಿಯುತ್ತದೆ. ರೈಲ್ವೆಯ ಪಟ್ಟಿಯಲ್ಲಿ ಅದು ‘ರೈಲು ಅಪಘಾತ’ ಅಲ್ಲ. ಗಾಡಿಗಳು ಡಿಕ್ಕಿ ಹೊಡೆದರೆ, ಹಳಿ ತಪ್ಪಿದರೆ ತನಿಖೆ, ಸುರಕ್ಷತಾ ಆಯುಕ್ತರ ವರದಿ, ಶಿಫಾರಸು ಎಲ್ಲ ಉಂಟು. ಒಬ್ಬೊಬ್ಬರಾಗಿ ಸತ್ತವರ ಬಗ್ಗೆ ‘ಇದೇ ಜಾಗದಲ್ಲಿ ಇದು ಎಷ್ಟನೆಯದು?’ ಎಂದು ಯಾರೂ ಕೇಳುವುದಿಲ್ಲ. ಅನಿಲ್ ಕಾಕೋಡ್ಕರ್ ನೇತೃತ್ವದ ಸುರಕ್ಷತಾ ಸಮಿತಿ 2012ರ ವರದಿಯಲ್ಲಿ ದೇಶದಲ್ಲಿ ವರ್ಷಕ್ಕೆ ಸುಮಾರು 15 ಸಾವಿರ ಜನ ಹೀಗೆ ಹಳಿಯ ಮೇಲೆ ಸಾಯುತ್ತಿದ್ದಾರೆ, ಅದರಲ್ಲಿ ಸುಮಾರು 6 ಸಾವಿರ ಮುಂಬೈ ಉಪನಗರ ರೈಲಿನಲ್ಲೇ ಎಂದು ಹೇಳಿತು. ನಾಗರಿಕ ಸಮಾಜ ಒಪ್ಪಲಾಗದ ನರಮೇಧವೆಂದೇ ಅದನ್ನು ಕರೆಯಿತು. ಸರ್ಕಾರಿ ಸಮಿತಿಗಳು ಇಷ್ಟು ಬಿಸಿಯಾಗಿ ಮಾತಾಡುವುದು ಅಪರೂಪ.

ಮನಸ್ಸು ಮಾಡಿದರೆ ಆಗುತ್ತದೆಂಬುದಕ್ಕೂ ನಮ್ಮಲ್ಲೇ ಪುರಾವೆಯಿದೆ. 2014ರ ಜುಲೈನಲ್ಲಿ ತೆಲಂಗಾಣದ ಮಾಸಾಯಿಪೇಟೆಯಲ್ಲಿ, 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರದಲ್ಲಿ ಕಾವಲಿಲ್ಲದ ಗೇಟುಗಳಲ್ಲಿ ಶಾಲಾ ವಾಹನಗಳಿಗೆ ರೈಲು ಬಡಿದು ಮಕ್ಕಳು ಸತ್ತರು. ದೇಶ ಕೆರಳಿತು. 2019ರ ಜನವರಿ ಮುಗಿಯುವಷ್ಟರಲ್ಲಿ ಬ್ರಾಡ್‌ಗೇಜ್ ಹಾದಿಗಳಲ್ಲಿ ಕಾವಲಿಲ್ಲದ ಗೇಟು ಒಂದೂ ಉಳಿಯಲಿಲ್ಲ. ದೊಡ್ಡ ಸಾಧನೆಯೇ. ಆ ಗೇಟುಗಳಿಗೆ ನಂಬರಿತ್ತು, ಆದ್ದರಿಂದ ಪಟ್ಟಿ ಮಾಡಿ ಮುಗಿಸಲು ಬಂತು. ಕಿಂಡಿಗೆ ನಂಬರಿಲ್ಲ. ಗೇಟಿಗೆ 600 ಮೀಟರ್ ಮುಂಚೆ ‘ಡಬ್ಲ್ಯೂ–ಎಲ್’ ಫಲಕ ಇರುತ್ತದೆ, ಅದನ್ನು ಕಂಡ ಲೋಕೋ ಪೈಲಟ್ ಹಾರ್ನ್ ಹೊಡೆಯಲೇಬೇಕು. ಕಿಂಡಿಗೆ ಫಲಕವೂ ಇಲ್ಲ. (ಹೊಡೆದರೂ ಕಷ್ಟ, ರಾತ್ರಿ ಹಾರ್ನಿನಿಂದ ನಿದ್ದೆ ಕೆಡುತ್ತದೆಂದು ದೂರು ಹೋಗುವುದು ಅದೇ ಅಪಾರ್ಟ್‌ಮೆಂಟಿನಿಂದ.)

ಹಾಗಾದರೆ ಗೋಡೆ ಕಟ್ಟಿಬಿಟ್ಟರೆ? ಎತ್ತರದ ಗೋಡೆ, ಮೇಲೆ ಮುಳ್ಳುತಂತಿ? 2022ರ ಅಕ್ಟೋಬರ್‌ನಲ್ಲಿ ಗುಜರಾತಿನಲ್ಲಿ ವಂದೇ ಭಾರತ್ ಗಾಡಿಗೆ ಎಮ್ಮೆಗಳು ಸಿಕ್ಕಿ ಅದರ ಮೂತಿ ಮುರಿದಾಗ, ಮುಂಬೈ–ಅಹಮದಾಬಾದ್ ಹಾದಿಯಲ್ಲಿ 600 ಕಿ.ಮೀ.ಗೂ ಹೆಚ್ಚು ಉದ್ದಕ್ಕೆ ಉಕ್ಕಿನ ಬೇಲಿ ಎದ್ದಿತು. ಎಮ್ಮೆಗೆ ಬೇಲಿ ಸಾಕು. ಅದಕ್ಕೆ ಆಚೆ ಬದಿಯಲ್ಲಿ ಏಳು ಗಂಟೆಗೆ ಡ್ಯೂಟಿ ಇರುವುದಿಲ್ಲ. ಮನುಷ್ಯರ ಲೆಕ್ಕ ಬೇರೆ. ಹತ್ತಿರದ ಮೇಲ್ಸೇತುವೆ ಒಂದು ಕಿಲೋಮೀಟರ್ ದೂರವಿದೆ ಎನ್ನಿ. ಹೋಗಿ, ದಾಟಿ, ಮತ್ತೆ ಎದುರಿನ ಜಾಗಕ್ಕೆ ಬರಲು ಎರಡು ಕಿ.ಮೀ., ಅರ್ಧ ಗಂಟೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕೆಲಸಕ್ಕೆ ಬಂದು ಹೋಗುವವರು ದಿನಕ್ಕೆ ನಾಲ್ಕು ಸಲ ದಾಟುತ್ತಾರೆ. ಎರಡು ಗಂಟೆ ಹೋಯಿತು. ಎರಡು ಗಂಟೆಯಲ್ಲಿ ಒಂದು ಮನೆಯ ಕೆಲಸ ಮುಗಿಯುತ್ತದೆ, ಅಂದರೆ ತಿಂಗಳಿಗೆ ಒಂದು ಮನೆಯ ಸಂಬಳ. ಆ ಮೇಲ್ಸೇತುವೆಗೆ ಫುಟ್‌ಪಾತ್ ಇಲ್ಲದಿದ್ದರೆ (ಎಷ್ಟೋ ಕಡೆ ಇರುವುದಿಲ್ಲ) ರೈಲಿನ ಭಯ ತಪ್ಪಿಸಿ ಲಾರಿಯ ಬಾಯಿಗೆ ಕೊಟ್ಟಂತೆ. ಇಷ್ಟನ್ನು ಒಂದು ಕಡೆಗಿಟ್ಟು, ಇನ್ನೊಂದು ಕಡೆಗೆ ‘ಇಷ್ಟು ದಿನ ಏನೂ ಆಗಿಲ್ಲ’ ಎಂಬ ಅನುಭವ ಇಟ್ಟರೆ ಗೋಡೆಗೆ ಗುದ್ದಲಿ ಬೀಳುವುದರಲ್ಲಿ ಅಚ್ಚರಿಯಿಲ್ಲ. ಒಡೆದ ಗೋಡೆಯ ಕಿಂಡಿ ಮೊದಲಿನ ಬಯಲು ದಾರಿಗಿಂತ ಕೆಟ್ಟದ್ದು. ಬಗ್ಗಿ ತೂರಿ ಹೊರಬಂದಾಗ ನೇರ ಹಳಿಯ ಬುಡಕ್ಕೇ ಬಂದಿರುತ್ತೇವೆ. ಗೋಡೆಯೇ ಕಣ್ಣಿಗೆ ಮರೆ.

ಆದ್ದರಿಂದ ಬದಲಿ ದಾರಿ ಅದೇ ಜಾಗದಲ್ಲಿ, ಹೆಚ್ಚೆಂದರೆ ನಾಲ್ಕೈದು ನಿಮಿಷದ ನಡಿಗೆಯೊಳಗೆ ಇರಬೇಕು. ಇಲ್ಲಿ ಎಂಜಿನಿಯರುಗಳು ಸಾಮಾನ್ಯವಾಗಿ ಪಾದಚಾರಿ ಮೇಲ್ಸೇತುವೆಯ ಕಡೆಗೆ ವಾಲುತ್ತಾರೆ. ಕಬ್ಬಿಣದ ತೊಲೆಗಳನ್ನು ತಂದು ಒಂದು ರಾತ್ರಿ ಸಂಚಾರ ನಿಲ್ಲಿಸಿ ಕೂರಿಸಬಹುದು. ಉದ್ಘಾಟನೆಯ ಫೋಟೊಗೂ ಚೆನ್ನಾಗಿ ಕಾಣುತ್ತದೆ. ನಡೆಯುವವರ ಮೊಣಕಾಲಿನಿಂದ ನೋಡಿದರೆ ವಿಷಯ ಬೇರೆ. ಹಳಿಯ ಮೇಲೆ ವಿದ್ಯುತ್ ತಂತಿ ಇರುವುದರಿಂದ ಸೇತುವೆಯ ತಳ ಹಳಿಯಿಂದ ಸುಮಾರು ಆರೂವರೆ ಮೀಟರ್ ಮೇಲಿರಬೇಕು. ಅಂದರೆ ನಲವತ್ತೈದರ ಆಸುಪಾಸು ಮೆಟ್ಟಿಲು ಹತ್ತಿ, ಅಷ್ಟೇ ಇಳಿಯಬೇಕು. ನೆಲದಡಿಯ ದಾರಿಗಾದರೆ ಮೂರೂವರೆ ಮೀಟರ್ ಇಳಿದರೆ ಸಾಕು, ಇಪ್ಪತ್ತಮೂರು ಇಪ್ಪತ್ತನಾಲ್ಕು ಮೆಟ್ಟಿಲು. ಗಾಲಿಕುರ್ಚಿಗೆ, ತಳ್ಳುಗಾಡಿಗೆ, ಸೈಕಲ್ಲಿಗೆ ಹನ್ನೆರಡಕ್ಕೊಂದು ಇಳಿಜಾರು ಕೊಟ್ಟರೆ ಮೇಲ್ಸೇತುವೆಗೆ ಒಂದೊಂದು ಬದಿಗೂ 80 ಮೀಟರ್ ಬೇಕು, ಕೆಳದಾರಿಗೆ 42. ಬೇಸಿಗೆಯ ಮಧ್ಯಾಹ್ನ ತಲೆಯ ಮೇಲೆ ಅಕ್ಕಿ ಚೀಲ ಹೊತ್ತವರು ತೊಂಬತ್ತು ಮೆಟ್ಟಿಲನ್ನೂ ಹನ್ನೊಂದು ಮೀಟರ್ ಹಳಿಯನ್ನೂ ನೋಡಿ ಯಾವುದನ್ನು ಆರಿಸುತ್ತಾರೆಂದು ಊಹಿಸಲು ಸಮೀಕ್ಷೆ ಬೇಕಿಲ್ಲ. ನಮ್ಮ ಊರುಗಳ ಸ್ಕೈವಾಕುಗಳ ಕೆಳಗೆ ನಿಂತು ನೋಡಿದರೆ ಸಾಕು.

ಕೆಳದಾರಿಗೂ ಅದರದೇ ರೋಗಗಳಿವೆ. ಗೇಟು ಮುಚ್ಚಿ ಹಳ್ಳಿಹಳ್ಳಿಗಳಲ್ಲಿ ಮಾಡಿಕೊಟ್ಟ ಕೆಳಸೇತುವೆಗಳು ಮಳೆಗಾಲದಲ್ಲಿ ಕೆರೆಯಾಗುವ ಸುದ್ದಿ ಉತ್ತರ ಕರ್ನಾಟಕದಿಂದ ಮಲೆನಾಡಿನವರೆಗೆ ಪ್ರತಿ ವರ್ಷ ಬರುತ್ತದೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಮಳೆ ನೀರಿಗೆ ಕಾರು ಸಿಕ್ಕಿ ಯುವತಿಯೊಬ್ಬಳು ಸತ್ತದ್ದು ರಸ್ತೆಯ ಮಾತಾದರೂ ಪಾಠ ಒಂದೇ. ನೀರು ಹೊರಗೆ ಹೋಗಲು ತಾನಾಗಿ ಇಳಿಜಾರು ಇಲ್ಲದ ಕಡೆ, ಪಂಪು ಕೆಟ್ಟರೆ ಕೇಳುವವರಿಲ್ಲದ ಕಡೆ ಕೆಳದಾರಿ ಬೇಡ. ರಾತ್ರಿ ಎಂಟಕ್ಕೆ ಕೆಲಸ ಮುಗಿಸಿ ಬರುವ ಗಾರ್ಮೆಂಟ್ಸ್ ಹುಡುಗಿಗೆ ದೀಪವಿಲ್ಲದ, ಮೂಲೆ ತಿರುಗುವ, ಮೂತ್ರ ನಾರುವ ಸುರಂಗ ರೈಲಿಗಿಂತ ಭಯದ್ದು. ಈ ತುದಿಯಿಂದ ಆ ತುದಿ ನೇರ ಕಾಣುವಂತೆ, ಇಬ್ಬರು ಎದುರಾದರೆ ಮೈ ತಾಗದಷ್ಟು ಅಗಲವಾಗಿ, ಎರಡೂ ಬಾಯಲ್ಲಿ ಹೂವಿನವರೋ ತರಕಾರಿಯವರೋ ಕೂರುವಷ್ಟು ಜಾಗ ಬಿಟ್ಟು ಕಟ್ಟಿದರೆ ಜನ ತಾವಾಗಿ ಅತ್ತ ತಿರುಗುತ್ತಾರೆ. ಅಂಗಡಿಯಿದ್ದಲ್ಲಿ ಬೆಳಕಿರುತ್ತದೆ, ಕಣ್ಣುಗಳಿರುತ್ತವೆ. ಅವರನ್ನು ಒಕ್ಕಲೆಬ್ಬಿಸದಿದ್ದರೆ ಆಯಿತು.

ದುಡ್ಡು ಯಾರದು? ಇಲ್ಲಿ ನನ್ನ ಉತ್ತರ ಬಿಲ್ಡರುಗಳಿಗೆ ಹಿಡಿಸಲಾರದು. ರೈಲ್ವೆ ಗಡಿಯಿಂದ 30 ಮೀಟರಿನೊಳಗೆ ಕಟ್ಟಡ ಕಟ್ಟಬೇಕಾದರೆ ಈಗಾಗಲೇ ರೈಲ್ವೆಯ ನಿರಾಕ್ಷೇಪಣಾ ಪತ್ರ ಬೇಕು. ಕಟ್ಟಡ ಹಳಿಗೆ ಎಷ್ಟು ದೂರ, ಅದರ ಚರಂಡಿ ನೀರು ಎತ್ತ ಹರಿಯುತ್ತದೆ ಎಂದು ಕೇಳುವವರು, ಅಲ್ಲಿನ ಜನ ಎತ್ತ ನಡೆಯುತ್ತಾರೆಂದೂ ಕೇಳಲಿ. 30 ಮೀಟರಿನ ಗೆರೆಯನ್ನು ಈ ವಿಷಯಕ್ಕೆ ಮರೆತು, ಹಳಿಯಿಂದ ಹತ್ತು ನಿಮಿಷದ ನಡಿಗೆಯೊಳಗಿನ ಪ್ರತಿ ದೊಡ್ಡ ಬಡಾವಣೆಯ ನಕ್ಷೆಗೂ ಈ ಪ್ರಶ್ನೆ ಅನ್ವಯವಾಗಲಿ. ಶಾಲೆ ಎಲ್ಲಿ, ಬಸ್ ಸ್ಟಾಪ್ ಎಲ್ಲಿ, ಕೆಲಸದವರು ಬರುವ ಕೇರಿ ಯಾವುದು ಎಂಬುದು ನಕ್ಷೆ ಬರೆದವರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ‘ರೈಲ್ವೆ ನಿಲ್ದಾಣದಿಂದ ಐದು ನಿಮಿಷ’ ಎಂದು ಜಾಹೀರಾತಿನಲ್ಲಿ ಹಾಕುವವರು ಆ ಐದು ನಿಮಿಷ ಹಳಿಯ ಮೇಲಿಂದ ಹಾಯುತ್ತದೆಂಬುದನ್ನೂ ಬಲ್ಲರು. ಅವರು ಕಟ್ಟುವ ಅಭಿವೃದ್ಧಿ ಶುಲ್ಕದಲ್ಲಿ ದಾಟುದಾರಿಯ ಪಾಲು ಬೇರೆಯಾಗಿ ನಮೂದಾಗಬೇಕು. ರೈಲುಗಳನ್ನು ಹೆಚ್ಚಿಸಿದ್ದಕ್ಕೆ ರೈಲ್ವೆ ತನ್ನ ಪಾಲು ಸೇರಿಸಬೇಕು. ದಾರಿ ತೆರೆಯುವವರೆಗೆ ಓಸಿ, ಅಂದರೆ ಸ್ವಾಧೀನಾನುಭವ ಪತ್ರ ಸಿಗಬಾರದು. ಇದರಿಂದ ಮನೆಯ ಬೆಲೆ ಏರುವುದಿಲ್ಲವೇ? ಏರುತ್ತದೆ, ಈಜುಕೊಳಕ್ಕೆ ಏರಿದಷ್ಟು. ನೂರಾರು ಮನೆಗಳ ಮೇಲೆ ಹಂಚಿದರೆ ಅದು ದೊಡ್ಡ ಹೊರೆಯಲ್ಲ. ಹಳೆಯ ಬಡಾವಣೆಗಳಿಗೆ, ಬಿಲ್ಡರ್ ಎಂದೋ ಜಾಗ ಖಾಲಿ ಮಾಡಿದ ಕಡೆಗಳಿಗೆ, ಈ ದಾರಿ ನಡೆಯದು. ಅಲ್ಲಿ ಪಾಲಿಕೆ ಮತ್ತು ರೈಲ್ವೆ ತಮ್ಮ ಖಜಾನೆಯಿಂದಲೇ ಕೊಡಬೇಕು, ಬೇರೆ ಉಪಾಯ ನನಗೆ ಕಾಣುವುದಿಲ್ಲ.

ಎಲ್ಲ ಕಿಂಡಿಗೂ ಸೇತುವೆ ಕೊಡಲಾಗದು ಎಂಬುದನ್ನೂ ಒಪ್ಪಬೇಕು. ದಿನಕ್ಕೆ ನಾಲ್ಕು ಗಾಡಿ ಓಡುವ, ಎರಡೂ ಕಡೆ ಕಿಲೋಮೀಟರ್ ದೂರ ಕಾಣುವ ಒಂಟಿ ಹಳಿಯ ಹಳ್ಳಿಯಲ್ಲಿ ಕೋಟಿ ಸುರಿಯುವುದು ಬುದ್ಧಿವಂತಿಕೆಯಲ್ಲ. ಅಲ್ಲಿ ಜಲ್ಲಿಯ ಮೇಲೆ ಚಪ್ಪಡಿ ಹಾಸಿ, ಓಡಿ ನುಗ್ಗಲಾಗದಂತೆ ಅಂಕುಡೊಂಕು ಕಂಬಿ ನೆಟ್ಟು, ಹಾರ್ನಿನ ಫಲಕ ನಿಲ್ಲಿಸಿದರೆ ಸಾಕು. ಅದನ್ನು ಕ್ರಾಸಿಂಗ್ ಎಂದು ಒಪ್ಪಿ ನಂಬರ್ ಕೊಟ್ಟರೆ ಇದೆಲ್ಲ ಸಾಧ್ಯ. ಇನ್ನು ಕೆಲವು ಕಡೆ ಬರೀ ಶಾಲಾ ಬಸ್ಸನ್ನು ಈ ಬದಿಗೂ ತಿರುಗಿಸಿದರೆ, ಅಪಾರ್ಟ್‌ಮೆಂಟಿನವರು ಬೀಗ ಹಾಕಿಟ್ಟ ಹಿಂದಿನ ಗೇಟನ್ನು ಕೆಲಸದವರಿಗೆ ತೆರೆದರೆ ಅರ್ಧ ಜನ ಹಳಿಯ ಕಡೆಗೆ ಬರುವುದೇ ನಿಲ್ಲುತ್ತದೆ. ಯಾವ ಕಡೆ ಏನು ಎಂದು ತಿಳಿಯಲು ಒಂದೇ ಕೆಲಸ ಮಾಡಬೇಕು: ಹಳಿಯ ಉದ್ದಕ್ಕೂ ನಡೆದು, ಕಿಂಡಿಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಕೂತು ತಲೆ ಎಣಿಸಬೇಕು. ಹಳಿಯ ಮೇಲೆ ದಿನವೂ ನಡೆಯುವ ಟ್ರ್ಯಾಕ್‌ಮನ್‌ಗೆ ಈ ನಕ್ಷೆ ಈಗಾಗಲೇ ಬಾಯಿಪಾಠ ಇರುತ್ತದೆ. ಅವನನ್ನು ಕೇಳಿದವರಿಲ್ಲ.

ಬೆಂಗಳೂರಿನ ಮಟ್ಟಿಗೆ ಇದಕ್ಕೆ ಹೊತ್ತು ಮೀರುತ್ತಿದೆ. 2020ರಲ್ಲಿ ಒಪ್ಪಿಗೆ ಪಡೆದ ಉಪನಗರ ರೈಲು ಯೋಜನೆ 148 ಕಿ.ಮೀ. ಉದ್ದದ್ದು, ಬೈಯಪ್ಪನಹಳ್ಳಿ–ಚಿಕ್ಕಬಾಣಾವರ, ಹೀಲಲಿಗೆ–ರಾಜಾನುಕುಂಟೆ ಮುಂತಾಗಿ ಅದರ ಹಾದಿಗಳು ಬಹುಪಾಲು ಇರುವ ಹಳಿಗಳ ಪಕ್ಕದಲ್ಲೇ ಸಾಗುತ್ತವೆ. ನೆಲಮಟ್ಟದಲ್ಲಿ ಓಡುವ ಕಡೆಯೆಲ್ಲ ಎರಡು ಹಳಿ ಇದ್ದಲ್ಲಿ ನಾಲ್ಕಾಗುತ್ತದೆ, ಹನ್ನೊಂದು ಮೀಟರ್ ಇಪ್ಪತ್ತಾಗುತ್ತದೆ, ಹತ್ತು ನಿಮಿಷಕ್ಕೊಂದು ಗಾಡಿ ಬರತೊಡಗುತ್ತದೆ. ಆ ಹಾದಿಗೆ ಗೋಡೆ ಎದ್ದೇ ಏಳುತ್ತದೆ, ಏಳಬೇಕು ಕೂಡ. ಗೋಡೆಯ ಟೆಂಡರಿನ ಜೊತೆಗೇ ಅದರಡಿಯ ದಾಟುದಾರಿಗಳೂ ಟೆಂಡರಿನಲ್ಲಿದ್ದರೆ ಖರ್ಚು ಕಡಿಮೆ. ಹಳಿ ಹಾಕುವ ಮುನ್ನ ನೆಲ ಅಗೆಯುವುದಕ್ಕೂ ಓಡುವ ಗಾಡಿಗಳ ಕೆಳಗೆ ಕಾಂಕ್ರೀಟ್ ಪೆಟ್ಟಿಗೆ ತಳ್ಳುವುದಕ್ಕೂ ವೆಚ್ಚದಲ್ಲಿ ಅಜಗಜಾಂತರ.

ಅಲ್ಲಿಯವರೆಗೆ ಇರುವ ಕಿಂಡಿಗಳ ಗತಿಯೇನು? ಸೇತುವೆ ಮಂಜೂರಾಗಿ ಮುಗಿಯಲು ಎರಡು ಮೂರು ವರ್ಷವಂತೂ ಬೇಕು, ಅಷ್ಟು ದಿನ ಜನ ದಾಟುತ್ತಲೇ ಇರುತ್ತಾರೆ. ಹೆಚ್ಚು ಓಡಾಟದ ಕಡೆ ಬೆಳಿಗ್ಗೆ ಮೂರು ತಾಸು, ಸಂಜೆ ನಾಲ್ಕು ತಾಸು ಇಬ್ಬರು ಹೋಂಗಾರ್ಡುಗಳನ್ನು ಕೆಂಪು ಬಾವುಟ, ಸೀಟಿ, ಹತ್ತಿರದ ನಿಲ್ದಾಣಕ್ಕೆ ಸಂಪರ್ಕವಿರುವ ಒಂದು ಫೋನ್ ಕೊಟ್ಟು ನಿಲ್ಲಿಸಬಹುದು. ಗಾಡಿ ಹೊರಟ ಸುದ್ದಿ ಬಂದೊಡನೆ ಹಗ್ಗ ಅಡ್ಡ ಕಟ್ಟುವುದು, ಎರಡೂ ಹಳಿ ಖಾಲಿಯಾದ ಮೇಲೆ ಬಿಚ್ಚುವುದು. ನಿಯಮ ಇದಕ್ಕೆ ಒಪ್ಪುವುದಿಲ್ಲ, ಅತಿಕ್ರಮಣಕ್ಕೆ ನಾವೇ ಕಾವಲು ಕೊಟ್ಟಂತಾಗುತ್ತದೆ ಎಂದು ರೈಲ್ವೆಯವರು ಹೇಳುತ್ತಾರೆ. ಅವರ ಪುಸ್ತಕದ ಪ್ರಕಾರ ಅದು ಸರಿ. ನಿಯಮವನ್ನು ಎರಡು ವರ್ಷದ ಮಟ್ಟಿಗೆ ಸಡಿಲಿಸಿ ಒಂದು ಆದೇಶ ಹೊರಡಿಸಲು ರೈಲ್ವೆ ಮಂಡಳಿಗೆ ಯಾವ ಹೊಸ ಕಾಯ್ದೆಯೂ ಬೇಕಿಲ್ಲ. ಆ ಇಬ್ಬರ ಸಂಬಳವನ್ನು ಪಾಲಿಕೆಯೋ ಅಪಾರ್ಟ್‌ಮೆಂಟಿನ ಸಂಘವೋ ಕೊಡಬಹುದು. ಮುಚ್ಚುವ ತಾರೀಖನ್ನು ಕೆಳದಾರಿ ತೆರೆಯುವ ತಾರೀಖಿನ ಜೊತೆಗೇ, ಕನ್ನಡ, ತಮಿಳು, ತೆಲುಗು, ಹಿಂದಿ, ಬಂಗಾಳಿಯಲ್ಲಿ ಕಿಂಡಿಯ ಪಕ್ಕದಲ್ಲೇ ಬರೆದು ಹಾಕಲಿ. ಆ ದಿನ ಬಂದ ಮೇಲೆ ಗೋಡೆ ಕಟ್ಟಲಿ, ಆಮೇಲೂ ಒಡೆದು ದಾಟುವವರಿಗೆ 147ರ ಕೇಸು ಹಾಕಲಿ. ಆಗ ನಾನು ಆರ್‌ಪಿಎಫ್‌ನವರ ಪರ.